ಗುಲಗಂಜಿ ಹುಳದ ಕೋಶದಿಂದ ಗೂನು ಬೆನ್ನಿನ ನೊಣ ಬಂದಿದೆ, ಯಾವುದಿದು?

ಪ್ರಶ್ನೆ (ವಿದ್ಯಾರಣ್ಯಪುರ):
ತಾರಸಿಯ ಅವರೆ ಬಳ್ಳಿಗೆ ಹೂ ಬಿಡುವ ಹೊತ್ತಿಗೆ ಕಪ್ಪು ಹೇನು ಮುತ್ತಿತು, ಅದರ ಹಿಂದೆಯೇ ಗುಲಗಂಜಿ ಹುಳಗಳೂ ಬಂದವು. ಬೆನ್ನ ಮೇಲೆ ಅಂಕುಡೊಂಕು ಗೆರೆಯಿರುವ ಚೈಲೋಮೀನಿಸ್ ಸೆಕ್ಸ್‌ಮ್ಯಾಕ್ಯುಲೇಟಾ. ಮಗಳಿಗೆ ತೋರಿಸೋಣ ಅಂತ ಕೆಲವು ಕೋಶಗಳನ್ನು ಎಲೆ ಸಮೇತ ಡಬ್ಬಿಯಲ್ಲಿಟ್ಟೆ, ತಳಕ್ಕೆ ಟಿಶ್ಯೂ ಹಾಸಿದ್ದೆ. ಮೊದಲು ಮುಟ್ಟಿದರೆ ಸಾಕು, ಎಲ್ಲವೂ ಸೆಟೆದೇಳುತ್ತಿದ್ದವು. ಆಮೇಲೆ ಒಂದು ಮಾತ್ರ ಕಂದಾಗಿ ಅಲ್ಲಾಡದಾಯಿತು. ಅದರ ಹೊಟ್ಟೆಯ ಕಡೆಯಿಂದ ಬಿಳಿ ಹುಳುಗಳು ಹೊರಬಿದ್ದು ಟಿಶ್ಯೂ ಮಡಿಕೆಯೊಳಗೆ ಸೇರಿಕೊಂಡವು. ಈಗ ಅಲ್ಲಿಂದ ಸುಮಾರು ಎರಡು ಮಿಲಿಮೀಟರಿನ ನೊಣಗಳು ಎದ್ದಿವೆ. ಹಾರುವುದಕ್ಕಿಂತ ಓಡುವುದೇ ಜಾಸ್ತಿ. ತಟ್ಟನೆ ನಿಲ್ಲುತ್ತವೆ, ಮತ್ತೆ ಇನ್ನೊಂದು ದಿಕ್ಕಿಗೆ ಓಟ. ಹೆಸರು ತಿಳಿಯಲೇಬೇಕು ಅನ್ನಿಸಿದೆ.

ಉತ್ತರ (ಜಯನಗರ):
ಕಣಜ ಇರಬಹುದಾ ಮೇಡಂ? ಬದನೆ ಎಲೆ ಕೆರೆದು ತಿನ್ನುವ ಗುಲಗಂಜಿಯ ಮರಿಗಳಿಂದ ಪೆಡಿಯೋಬಿಯಸ್ ಅನ್ನೋ ಪುಟ್ಟ ಕಣಜ ಬರುತ್ತೆ. ರೆಕ್ಕೆ ಎಷ್ಟಿವೆ ನೋಡಿ, ಕಣಜಕ್ಕೆ ನಾಲ್ಕು, ನೊಣಕ್ಕೆ ಎರಡೇ.

ಪ್ರಶ್ನೆ ಕೇಳಿದವರು:
ಎರಡೇ ಸರ್. ಲೆನ್ಸಿನಲ್ಲಿ ನೋಡಿದೆ, ರೆಕ್ಕೆಯ ಮುಂದಂಚಿನ ನರಗಳು ದಪ್ಪ, ಕಪ್ಪು. ಹಿಂದಿನವು ಕಂಡೂ ಕಾಣದಷ್ಟು ತೆಳು.

ಉತ್ತರ (ಹೆಬ್ಬಾಳ):
ಹಾಗಾದರೆ ಕಣಜ ಅಲ್ಲ, ಫೋರಿಡೇ ಕುಟುಂಬದ ನೊಣ. ಗೂನು, ಆ ಓಟ, ಆ ನರಗಳು, ಮೂರೂ ಅದನ್ನೇ ಹೇಳುತ್ತವೆ. ಗುಲಗಂಜಿ ಕೋಶಕ್ಕೆ ಬೀಳುವ ಫೋರಿಡ್ ಅಂದರೆ ಮೊದಲು ನೆನಪಾಗುವುದು ಫ್ಯಾಲಕ್ರೋಟೋಫೋರಾ ಕುಲ. ಗುಲಗಂಜಿಯ ಮರಿ ತಿನ್ನುವುದು ಬಿಟ್ಟು ಎಲೆಗೆ ಅಂಟಿ ಕೂತಾಗ, ಇಲ್ಲವೇ ಕೋಶದ ಚರ್ಮ ಇನ್ನೂ ಮೆತ್ತಗಿರುವಾಗ, ಹೆಣ್ಣು ನೊಣ ಬಂದು ಮೊಟ್ಟೆಯಿಡುತ್ತದೆ. ಒಂದೇ ಕೋಶದಲ್ಲಿ ಹಲವು ಹುಳುಗಳು ಬೆಳೆದು, ಹೊರಬಿದ್ದು, ಮಣ್ಣಿನಲ್ಲಿ ಕೋಶ ಕಟ್ಟುತ್ತವೆ. ನಿಮ್ಮಲ್ಲಿ ಮಣ್ಣಿನ ಬದಲು ಟಿಶ್ಯೂ ಸಿಕ್ಕಿತು, ಅಷ್ಟೇ. ಗುಲಗಂಜಿಯೊಳಗೇ ಬೆಳೆಯುವ ಊಮೈಜಸ್ ಕಣಜವಾಗಿದ್ದರೆ ಒಳಗೇ ಕೋಶವಾಗಿ, ದುಂಡನೆಯ ತೂತು ಕೊರೆದು ನೇರ ಹೊರಗೆ ಬರುತ್ತಿತ್ತು.

ಆದರೂ ಇಷ್ಟಕ್ಕೇ ಹೆಸರು ಬರೆದಿಟ್ಟುಕೊಳ್ಳಬೇಡಿ. ಅದೇ ಕುಟುಂಬದ ಮೆಗಸೀಲಿಯಾದ ಎಷ್ಟೋ ಜಾತಿಗಳು ಸತ್ತು ಕೊಳೆತದ್ದರಲ್ಲೂ ಬೆಳೆಯುತ್ತವೆ. ಡಬ್ಬಿಗೆ ಹಾಕಿದಾಗ ಕೋಶ ಸೆಟೆದೇಳುತ್ತಿತ್ತು ಎಂದಿರಲ್ಲ, ಕೋಶ ಆಗ ಜೀವಂತವಿತ್ತು ಅನ್ನುವುದಕ್ಕೆ ಆ ಮಾತೇ ಸಾಕ್ಷಿ, ಅದಕ್ಕೆ ತುಂಬ ಬೆಲೆಯಿದೆ, ಅದನ್ನು ಬರೆದಿಡಿ.

ಜಾತಿ ಹಿಡಿಯಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗಬಹುದು, ಆದ್ದರಿಂದ ಹೆಣ್ಣು ಗಂಡು ಎರಡನ್ನೂ ಇಡಿ. ಒಣಗಿಸಬೇಡಿ, ಮುದುಡಿಹೋಗುತ್ತವೆ. ಶೇಕಡಾ 70ರ ಆಲ್ಕೋಹಾಲ್ ಸಾಕು. ಖಾಲಿ ಗುಲಗಂಜಿ ಕೋಶ, ಟಿಶ್ಯೂಗೆ ಅಂಟಿದ ನೊಣದ ಸಿಪ್ಪೆ ಎರಡೂ ಅದೇ ಶೀಶೆಗೆ ಹೋಗಲಿ. ತಾರೀಖು, ಜಾಗ, ಅವರೆ ಬಳ್ಳಿ, ಗುಲಗಂಜಿಯ ಜಾತಿ ಇಷ್ಟನ್ನು ಪೆನ್ಸಿಲ್‌ನಲ್ಲಿ ಚೀಟಿ ಮೇಲೆ ಬರೆದು ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ನಮ್ಮ ಹೆಬ್ಬಾಳದಲ್ಲೇ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಮೊದಲು ಪತ್ರ ಬರೆದು ಕೇಳಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಬಳ್ಳಿಯಲ್ಲಿ ಉಳಿದ ಕಂದು ಕೋಶಗಳನ್ನು ಕಿತ್ತುಹಾಕಲೇ?

ಉತ್ತರ (ಹೆಬ್ಬಾಳ):
ಬೇಡ, ಹಾಗೇ ಬಿಡಿ. ಈಗಷ್ಟೇ ಎಲೆಗೆ ಅಂಟಿದ ಮರಿ ಕಂಡರೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಿ. ಸುತ್ತ ಓಡಾಡುವ ನೊಣ ಸಿಕ್ಕರೆ ಫೋಟೋ ಇಲ್ಲಿಗೇ ಹಾಕಿ.