ಚಕ್ರದ ಬೇರಿಂಗನ್ನು ಮನೆಯಲ್ಲೇ ಬದಲಿಸುವುದು: ಸೀತಾಂಗೋಳಿಯ ಮೆಕ್ಯಾನಿಕರೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ನಮ್ಮ ಸದಸ್ಯರಲ್ಲಿ ಹಲವರ ಕಾರುಗಳು ಒಂದೂವರೆ ಲಕ್ಷ ಕಿಲೋಮೀಟರ್ ದಾಟಿವೆ. ಮಳೆಗಾಲ ಮುಗಿದ ಮೇಲೆ ಚಕ್ರದ ಶಬ್ದದ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಸೀತಾಂಗೋಳಿಯಲ್ಲಿ 28 ವರ್ಷಗಳಿಂದ ವರ್ಕ್‌ಶಾಪ್ ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಬೇಡಿ.

ಕುಂಬಳೆಯ ಅಧ್ಯಾಪಕರು: ನಮಸ್ಕಾರ. ನನ್ನ ಕಾರು 1,60,000 ಕಿಲೋಮೀಟರ್ ಓಡಿದೆ. ವೇಗ 50 ದಾಟಿದೊಡನೆ ಮುಂಭಾಗದಿಂದ ಗುಂಯ್ ಎಂಬ ಶಬ್ದ ಬರುತ್ತದೆ. ಬಲಕ್ಕೆ ತಿರುಗುವಾಗ ಹೆಚ್ಚುತ್ತದೆ. ಕೆಟ್ಟಿರುವುದು ಬಲದ ಬೇರಿಂಗೇ?

ಮೆಕ್ಯಾನಿಕ್: ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ ಮಾಷ್ಟ್ರೇ. ಆದ್ದರಿಂದ ಮೊದಲು ಸಂಶಯಪಡಬೇಕಾದದ್ದು ಎಡದ್ದನ್ನು. ಆದರೆ ಅಷ್ಟಕ್ಕೇ ಬೇರಿಂಗ್ ತರಲು ಹೋಗಬೇಡಿ, ಏಕೆಂದರೆ ಅಡ್ಡಾದಿಡ್ಡಿ ಸವೆದ ಟೈರು ಕೂಡ ಇದೇ ಶಬ್ದವನ್ನು ಮಾಡುತ್ತದೆ. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿ ನೋಡಿ. ಶಬ್ದವೂ ಜಾಗ ಬದಲಿಸಿದರೆ ತಪ್ಪು ಟೈರಿನದು. ಬದಲಿಸದಿದ್ದರೆ ಚಕ್ರವನ್ನು ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಂದು ಕೈಯನ್ನು ಸಸ್ಪೆನ್ಶನ್ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದು ಕೈಯಿಂದ ಚಕ್ರವನ್ನು ತಿರುಗಿಸಿ. ಬೇರಿಂಗ್ ಸವೆದಿದ್ದರೆ ಮರಳು ಅರೆದಂತಹ ನಡುಕ ಸ್ಪ್ರಿಂಗಿನಲ್ಲಿ ಕೈಗೆ ತಿಳಿಯುತ್ತದೆ. ಬಳಿಕ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲು, ಕಂಡರೆ ಮನೆಯವರೊಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟನ್ನು (ಚಕ್ರದ ಭಾಗವನ್ನು ಸಸ್ಪೆನ್ಶನ್ನಿಗೆ ಸೇರಿಸುವ ಗುಂಡು ಕೀಲನ್ನು) ನೋಡಬೇಕು.

ಉಪ್ಪಳದ ಸದಸ್ಯರು: ಜುಲೈಯಲ್ಲಿ ನೀರು ನಿಂತ ರಸ್ತೆಯಲ್ಲಿ ಎರಡು ಸಲ ಹೋಗಿದ್ದೆ. ಈಗ ಹಿಂದಿನ ಚಕ್ರದಲ್ಲಿ ಶಬ್ದವಿದೆ. ಅಷ್ಟು ಸ್ವಲ್ಪ ನೀರಿಗೆ ಬೇರಿಂಗ್ ಹಾಳಾಗುವುದೇ?

ಮೆಕ್ಯಾನಿಕ್: ಆಗುತ್ತದೆ. ಓಡಿ ಬಂದ ಕಾರಿನ ಹಬ್, ಅಂದರೆ ಚಕ್ರವನ್ನು ಹಿಡಿದಿರುವ ನಡುಭಾಗ, ಬಿಸಿಯಾಗಿರುತ್ತದೆ. ಅದು ಥಟ್ಟನೆ ನೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ತಣಿದು ಕುಗ್ಗಿ, ಬೇರಿಂಗನ್ನು ಮುಚ್ಚಿರುವ ಹಳೆಯ ಸೀಲಿನ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ನೀರು ಗ್ರೀಸನ್ನು ಕೆಡಿಸಿ ತುಕ್ಕು ಹಿಡಿಸಲು ತಿಂಗಳುಗಳು ಹಿಡಿಯುವುದರಿಂದ ಶಬ್ದ ಈಗ ಕೇಳುತ್ತಿದೆ. ಕಾರು ತೊಳೆಯುವಲ್ಲಿ ಪ್ರೆಶರ್ ಪಂಪಿನ ನೀರನ್ನು ನೇರವಾಗಿ ಹಬ್ಬಿಗೆ ಹೊಡೆಸುವುದನ್ನೂ ನಿಲ್ಲಿಸಿ.

ಮಂಜೇಶ್ವರದ ಸದಸ್ಯರು: ಶಬ್ದವಿರುವ ಬೇರಿಂಗಿಗೆ ಸೀಲನ್ನು ಸ್ವಲ್ಪ ಎತ್ತಿ ಹೊಸ ಗ್ರೀಸ್ ತುಂಬಿಸಬಹುದೇ?

ಮೆಕ್ಯಾನಿಕ್: ಬೇಡ. ಶಬ್ದ ಬಂದಿದೆಯೆಂದರೆ ಉಕ್ಕಿನ ಮೈ ಆಗಲೇ ಕಿತ್ತಿದೆ. ಗ್ರೀಸ್ ಆ ಗುಂಡಿಯನ್ನು ತುಂಬಿಸುವುದಿಲ್ಲ.

ಬದಿಯಡ್ಕದ ನಿವೃತ್ತ ಸದಸ್ಯರು: ಇನ್ನೊಂದು ಗುಂಪಿನಲ್ಲಿ ಬಂದದ್ದನ್ನು ಎಲ್ಲರ ಉಪಯೋಗಕ್ಕಾಗಿ ಹಾಕುತ್ತಿದ್ದೇನೆ: "ಬೇರಿಂಗ್ ಶಬ್ದಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ. ತೆಂಗಿನೆಣ್ಣೆಯಲ್ಲಿ ಕರ್ಪೂರ ಹಾಕಿ ಬಿಸಿ ಮಾಡಿ, ಸಿರಿಂಜಿನಿಂದ ಸೀಲಿನೊಳಗೆ ಚುಚ್ಚಿ ಬಿಡಿ. ಶಬ್ದ ಒಂದೇ ದಿನದಲ್ಲಿ ಮಾಯ."

ಮೆಕ್ಯಾನಿಕ್: ಇದನ್ನು ಯಾರೂ ಮಾಡಬಾರದು. ಸೂಜಿ ಚುಚ್ಚಿದ ಸೀಲಿನಿಂದ ಮುಂದಿನ ಮಳೆಗೆ ನೀರು ಒಳಗೆ ಹೋಗುತ್ತದೆ. ಬಿಸಿ ಎಣ್ಣೆ ಒಳಗಿರುವ ಗ್ರೀಸನ್ನು ತೆಳ್ಳಗಾಗಿಸಿ ಹೊರಗೆ ಹರಿಸುತ್ತದೆ; ಹರಿದದ್ದು ಬ್ರೇಕ್ ಡಿಸ್ಕಿನ ಮೇಲೋ ಡ್ರಮ್ಮಿನೊಳಗೋ ಬಿದ್ದರೆ ಆ ಚಕ್ರದ ಬ್ರೇಕ್ ಹಿಡಿಯುವುದಿಲ್ಲ. ಶಬ್ದ ಎರಡು ದಿನ ಕಡಿಮೆಯಾಗುವುದು ನಿಜ, ಮತ್ತು ಅದೇ ಅಪಾಯ: ಕೆಟ್ಟ ಬೇರಿಂಗ್ ಕೊಡುವ ಮೊದಲ ಎಚ್ಚರಿಕೆ ಸಾಮಾನ್ಯವಾಗಿ ಆ ಶಬ್ದವೇ.

ಬದಿಯಡ್ಕದ ನಿವೃತ್ತ ಸದಸ್ಯರು: ನಾನು ಬಂದದ್ದನ್ನು ಹಂಚಿದ್ದು ಮಾತ್ರ. ಆದರೆ ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಎಣ್ಣೆಯನ್ನೇ ಹಾಕುತ್ತಿದ್ದರಲ್ಲವೇ?

ಮುಳ್ಳೇರಿಯದ ಟ್ಯಾಕ್ಸಿ ಚಾಲಕರು: ಎತ್ತಿನ ಗಾಡಿ 80ರ ವೇಗದಲ್ಲಿ ತಲಪಾಡಿ ದಾಟುತ್ತಿರಲಿಲ್ಲ. ಓದಿ ನೋಡದೆ ಹಂಚುವುದನ್ನು ದಯವಿಟ್ಟು ನಿಲ್ಲಿಸಿ.

ನೀರ್ಚಾಲಿನ ಸದಸ್ಯರು: ಹಿಂದಿನ ಚಕ್ರದ ಡ್ರಮ್ ಕಳಚಿ ಬರುತ್ತಿಲ್ಲ. ಹೇಗೆ ತೆಗೆಯಬೇಕು?

ಪೆರ್ಲದ ಕೃಷಿಕರು: ಅಣ್ಣಾ, ನನ್ನ ಸಮಸ್ಯೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನನ್ನ ಕಾರು 2,14,000 ಕಿಲೋಮೀಟರ್ ಓಡಿದೆ. ಮುಂದಿನ ಎಡ ಚಕ್ರದ ಬೇರಿಂಗನ್ನು ಎಂಟು ತಿಂಗಳಲ್ಲಿ ಮೂರು ಸಲ ಬದಲಿಸಿದ್ದೇನೆ. ಮೊದಲನೆಯದನ್ನು ಅಂಗಳದಲ್ಲಿ ನಾನೇ ಸುತ್ತಿಗೆಯಿಂದ ಕೂರಿಸಿದೆ. 3,000 ಕಿಲೋಮೀಟರಿಗೆ ಶಬ್ದ ಬಂತು. ಎರಡನೆಯದನ್ನು ಪ್ರೆಸ್ಸಿನಲ್ಲಿ, ಅಂದರೆ ಒತ್ತುಯಂತ್ರದಲ್ಲಿ, ಹಾಕಿಸಿ, ಹಳೆಯ ಆಕ್ಸಲ್ ನಟ್ಟನ್ನೇ ಸಾಧ್ಯವಾದಷ್ಟು ಬಿಗಿದೆ. ಅದು 2,500 ಕಿಲೋಮೀಟರ್ ಬಂತು. ಮೂರನೆಯದನ್ನು ಹಾಕುವಾಗ ಹಬ್ ಕೈಯಲ್ಲೇ ಒಳಗೆ ಜಾರಿತು. ಪರಿಚಿತರೊಬ್ಬರು ಹೇಳಿದಂತೆ ಹಬ್ಬಿನ ಮೈಗೆ ಪಂಚಿನಿಂದ ಚುಕ್ಕೆಗಳನ್ನು ಹೊಡೆದು ಬಿಗಿ ಮಾಡಿದೆ. ಈಗ 900 ಕಿಲೋಮೀಟರಿಗೆ ಶಬ್ದದ ಜೊತೆ ಚಕ್ರವೂ ಅಲ್ಲಾಡುತ್ತಿದೆ. ನಿನ್ನೆಯಿಂದ ಕಾರು ಅಂಗಳದಲ್ಲಿ ಎರಡು ಮುರಕಲ್ಲುಗಳ (ಕೆಂಪು ಜಂಬಿಟ್ಟಿಗೆ ಕಲ್ಲುಗಳ) ಮೇಲೆ ನಿಂತಿದೆ. ನಾಳೆ ಮಗಳನ್ನು ಮಂಗಳೂರಿನ ಹಾಸ್ಟೆಲಿಗೆ ಬಿಡಬೇಕು. ನಟ್ಟನ್ನು ಇನ್ನಷ್ಟು ಬಿಗಿದು ಒಂದು ದಿನ ಓಡಿಸಬಹುದೇ?

ಮೆಕ್ಯಾನಿಕ್: ಓಡಿಸಬಾರದು. ಮಗಳನ್ನು ಬಸ್ಸಿನಲ್ಲಿ ಕಳುಹಿಸಿ. ಅದಕ್ಕಿಂತ ಮೊದಲು ಕಾರನ್ನು ಆ ಕಲ್ಲುಗಳ ಮೇಲಿಂದ ಇಳಿಸಿ. ಮುರಕಲ್ಲು ಗೋಡೆಯಲ್ಲಿ ಭಾರ ಹೊರುತ್ತದೆ ನಿಜ, ಆದರೆ ಅಲ್ಲಿ ಭಾರ ಕಲ್ಲಿನ ಇಡೀ ಮೈಗೆ ಹಂಚಿಕೊಂಡಿರುತ್ತದೆ. ಕಾರಿನ ಅಡಿಯ ಕಬ್ಬಿಣದ ಅಂಚು ಒಂದೇ ಗೆರೆಯಲ್ಲಿ ಒತ್ತಿದಾಗ, ರಂಧ್ರಗಳಿಂದ ತುಂಬಿದ ಆ ಕಲ್ಲು ಸದ್ದಿಲ್ಲದೆ ಸೀಳಿಹೋಗುತ್ತದೆ.

ಇನ್ನು ಎರಡು ವಿಷಯಗಳನ್ನು ತಿಳಿಸಿ. ಹಳೆಯ ಬೇರಿಂಗುಗಳನ್ನು ಇಟ್ಟುಕೊಂಡಿದ್ದರೆ ಒಳಗೆ ಏನು ಕಾಣುತ್ತದೆ? ಬ್ರೇಕ್ ಪೆಡಲ್ ಮೊದಲ ಸಲ ತುಳಿದಾಗ ಆಳಕ್ಕೆ ಹೋಗಿ, ಎರಡನೆಯ ಸಲಕ್ಕೆ ಸರಿಯಾಗುತ್ತದೆಯೇ?

ಹೊಸಂಗಡಿಯ ಸದಸ್ಯರು: ಒಂದು ಬದಿಯ ಬೇರಿಂಗ್ ಕೆಟ್ಟರೆ ಎರಡೂ ಬದಿಯದನ್ನು ಬದಲಿಸಬೇಕೇ?

ಮುಳ್ಳೇರಿಯದ ಟ್ಯಾಕ್ಸಿ ಚಾಲಕರು: ಬದಲಿಸಲೇಬೇಕು. ಒಂದೇ ದೂರ ಓಡಿದ ಎರಡು ಬೇರಿಂಗುಗಳಲ್ಲಿ ಒಂದು ಹೋದರೆ ಇನ್ನೊಂದೂ ಬೆನ್ನಿಗೇ ಹೋಗುತ್ತದೆ. ಕೂಲಿಯೂ ಒಮ್ಮೆಗೇ ಮುಗಿಯುತ್ತದೆ.

ಮಂಜೇಶ್ವರದ ಸದಸ್ಯರು: ಇದು ಅಂಗಡಿಯವರ ವಾದ. ನನ್ನ ಕಾರಿನ ಬಲದ್ದು 90,000ಕ್ಕೆ ಹೋಯಿತು. ಎಡದ್ದು 1,70,000 ಆದರೂ ಕಾರ್ಖಾನೆಯಿಂದ ಬಂದದ್ದೇ ಇದೆ. ಕೆಡದ ಬೇರಿಂಗನ್ನು ಒತ್ತಿ ತೆಗೆದು ಬಿಸಾಡುವುದು ಯಾವ ಲೆಕ್ಕ?

ಮುಳ್ಳೇರಿಯದ ಟ್ಯಾಕ್ಸಿ ಚಾಲಕರು: ನಿಮ್ಮದು ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗುವ ಕಾರು. ಬಾಡಿಗೆಯವರನ್ನು ಕೂರಿಸಿಕೊಂಡು ರಾತ್ರಿ ದಾರಿಯಲ್ಲಿ ನಿಂತಾಗ ನಿಮ್ಮ ಲೆಕ್ಕ ನನಗೆ ಅನ್ನ ಹಾಕುವುದಿಲ್ಲ.

ಮಂಜೇಶ್ವರದ ಸದಸ್ಯರು: ನನ್ನ ಕಾರು ಎಲ್ಲಿಗೆ ಹೋಗುತ್ತದೆಂದು ನೀವು ಹೇಳಬೇಕಾಗಿಲ್ಲ. ಕೇಳಿದ್ದು ಮೆಕ್ಯಾನಿಕರನ್ನು.

ಮೆಕ್ಯಾನಿಕ್: ಕೆಟ್ಟದ್ದನ್ನು ಮಾತ್ರ ಬದಲಿಸಿ, ಇನ್ನೊಂದನ್ನು ಪರೀಕ್ಷಿಸಿ. ಬಾಡಿಗೆ ಓಡಿಸುವವರು ಎರಡನ್ನೂ ಹಾಕಿಸಿದರೆ ತಪ್ಪಿಲ್ಲ. ಈ ವಿಷಯ ಇಲ್ಲಿಗೆ ಸಾಕು.

ಪೆರ್ಲದ ಕೃಷಿಕರು: ಮೊದಲನೆಯ ಬೇರಿಂಗಿನ ಗುಂಡುಗಳು ಓಡುವ ದಾರಿಯಲ್ಲಿ ಸಮಾನ ಅಂತರದ ಸಣ್ಣ ತಗ್ಗುಗಳಿವೆ. ಎರಡನೆಯದರ ಓಟದ ದಾರಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಒಳ ರೇಸಿನ (ಗುಂಡುಗಳ ಒಳಬದಿಯ ಉಕ್ಕಿನ ಬಳೆಯ) ಒಳಮೈ ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿದೆ. ಪೆಡಲ್ ನೀವು ಹೇಳಿದಂತೆಯೇ ಇದೆ. ಬ್ರೇಕ್ ಎಣ್ಣೆ ಕಡಿಮೆಯಾಗಿರಬೇಕೆಂದು ಭಾವಿಸಿದ್ದೆ.

ಮೆಕ್ಯಾನಿಕ್: ಈಗ ಎಲ್ಲವೂ ಸ್ಪಷ್ಟವಾಯಿತು. ನಿಮ್ಮ ಮೂರು ಬೇರಿಂಗುಗಳು ಹೋದದ್ದು ಮೂರು ಬೇರೆ ಬೇರೆ ಕಾರಣಗಳಿಂದ; ಒಂದು ತಪ್ಪು ಮುಂದಿನದಕ್ಕೆ ದಾರಿ ಮಾಡಿಕೊಟ್ಟಿದೆ.

ಮೊದಲನೆಯದರ ಸಮಾನ ಅಂತರದ ತಗ್ಗುಗಳು ಸುತ್ತಿಗೆಯ ಗುರುತು. ಬೇರಿಂಗನ್ನು ನಕಲ್ಲಿನೊಳಗೆ (ಬೇರಿಂಗ್ ಕೂರುವ, ಸ್ಟೇರಿಂಗಿನೊಂದಿಗೆ ತಿರುಗುವ ಲೋಹದ ಭಾಗದೊಳಗೆ) ಕೂರಿಸುವಾಗ ಒತ್ತಡ ಹೊರ ರೇಸಿನ ಮೇಲೆ ಮಾತ್ರ ಬೀಳಬೇಕು. ಹಬ್ಬನ್ನು ಬೇರಿಂಗಿನೊಳಗೆ ಕೂರಿಸುವಾಗ ಒಳ ರೇಸಿಗೆ ಅಡಿಯಿಂದ ಆಧಾರ ಇರಲೇಬೇಕು. ನೀವು ನಕಲನ್ನು ಮರದ ತುಂಡಿನ ಮೇಲಿಟ್ಟು ಹಬ್ಬನ್ನು ಬಡಿದಿರಬೇಕು. ಆಗ ಪ್ರತಿಯೊಂದು ಏಟೂ ಗುಂಡುಗಳ ಮೂಲಕವೇ ಹಾದು, ಪ್ರತಿ ಗುಂಡೂ ತಾನು ನಿಂತಲ್ಲಿ ಒಂದು ತಗ್ಗನ್ನು ಒತ್ತಿಬಿಡುತ್ತದೆ. ಹೊಸ ಬೇರಿಂಗ್ ಚಕ್ರ ಒಂದು ಸುತ್ತು ತಿರುಗುವ ಮೊದಲೇ ಕೆಟ್ಟಿರುತ್ತದೆ. ಮನೆಯಲ್ಲಿ ಕೆಲಸ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಬಿಚ್ಚುವ, ತೊಳೆಯುವ, ಮರುಜೋಡಿಸುವ ಕೆಲಸಗಳನ್ನೆಲ್ಲ ಅಂಗಳದಲ್ಲಿ ಮಾಡಬಹುದು. ಒತ್ತುವ ಕೆಲಸವೊಂದಕ್ಕೆ ಮಾತ್ರ ನಕಲನ್ನು ಚೀಲದಲ್ಲಿ ಹಾಕಿಕೊಂಡು ಪ್ರೆಸ್ ಇರುವಲ್ಲಿಗೆ ಹೋಗಿ, ಎದುರು ನಿಂತು ಮಾಡಿಸಿ.

ಎರಡನೆಯದರ ಒಳಮೈ ಕಂದಾಗಿ ಹೊಳೆಯುವುದೆಂದರೆ ಒಳ ರೇಸ್ ಹಬ್ಬಿನ ಮೇಲೆ ಜಾರುತ್ತಾ ತಿರುಗಿದೆ. ನಿಮ್ಮ ಕಾರಿನಂತಹ ಒತ್ತಿ ಕೂರಿಸುವ ಬೇರಿಂಗಿನಲ್ಲಿ ಒಳ ರೇಸ್ ಎರಡು ತುಂಡುಗಳಾಗಿರುತ್ತದೆ. ಆ ಎರಡನ್ನೂ ಸೇರಿಸಿ ಹಿಡಿಯುವುದು ಆಕ್ಸಲ್ ನಟ್. ಸಣ್ಣ ಕಾರುಗಳಲ್ಲಿಯೂ ಅದರ ಬಿಗಿ ಸಾಮಾನ್ಯವಾಗಿ 150 ನ್ಯೂಟನ್ ಮೀಟರಿಗಿಂತ ಹೆಚ್ಚಿರುತ್ತದೆ; ಸರಿಯಾದ ಅಂಕಿಯನ್ನು ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. 30 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ 60 ಕಿಲೋ ತೂಕದವರು ನಿಂತರೆ ಬೀಳುವ ತಿರುಗುಬಲ ಸುಮಾರು 176 ನ್ಯೂಟನ್ ಮೀಟರ್. ಅದೇ ಹಿಡಿಯನ್ನು ಕೈಯಿಂದ ಎಳೆದರೆ ಸಾಮಾನ್ಯವಾಗಿ ಅಷ್ಟು ಬಾರದು. ಸಡಿಲವಾಗದಂತೆ ಮೊದಲೇ ಒಮ್ಮೆ ಕಾಲರ್ (ಅಂಚು) ತಗ್ಗಿಸಿದ್ದ ಹಳೆಯ ನಟ್ ಶಾಫ್ಟಿನ ತೋಡಿನಲ್ಲಿ ಮತ್ತೆ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಹೊಸ ನಟ್ ಹಾಕಬೇಕು. ಬಿಗಿ ಸಾಲದ ಒಳ ರೇಸ್ 2,500 ಕಿಲೋಮೀಟರ್ ಜಾರಿ ಜಾರಿ ಹಬ್ಬಿನ ಮೈಯನ್ನು ಸವೆಸಿದೆ. ಮೂರನೆಯ ಸಲ ಹಬ್ ಕೈಯಲ್ಲೇ ಜಾರಿದ್ದು ಅದಕ್ಕಾಗಿ. ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು ಸವೆದರೂ ಆ ಹಿಡಿತ ಹೋಗುತ್ತದೆ.

ನನಗೆ ಹೆಚ್ಚು ಆತಂಕವಾಗುವುದು ಪಂಚ್ ಹೊಡೆದ ವಿಷಯಕ್ಕೆ. ಚುಕ್ಕೆಯ ಸುತ್ತ ಎದ್ದ ಸಣ್ಣ ಏಣುಗಳ ಮೇಲೆ ರೇಸ್ ನಿಂತಿರುತ್ತದೆಯೇ ಹೊರತು ಹಬ್ಬಿನ ಮೈಯ ಮೇಲಲ್ಲ. ಏಣುಗಳು ಕೆಲವೇ ದಿನಗಳಲ್ಲಿ ಸವೆದುಹೋಗುತ್ತವೆ; ಅಷ್ಟರೊಳಗೆ ಗಟ್ಟಿ ಉಕ್ಕಿನ ರೇಸ್ ಒಂದೊಂದು ಬಿಂದುವಿನಲ್ಲಿ ಒತ್ತಡ ತಿಂದು ಬಿರುಕು ಬಿಡಲೂಬಹುದು. ಈಗ ನಿಮ್ಮ ಚಕ್ರ ವಾಲುತ್ತಿದೆ. ಅದರೊಂದಿಗೆ ಡಿಸ್ಕೂ ವಾಲಿ ಬ್ರೇಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿದೆ. ಮೊದಲ ತುಳಿತಕ್ಕೆ ಪೆಡಲ್ ಆಳಕ್ಕೆ ಹೋಗುವುದು ಅದರಿಂದಲೇ ಇರಬೇಕು. ಎಣ್ಣೆಯ ಮಟ್ಟವನ್ನೂ ನೋಡಿ, ಆದರೆ ಎಣ್ಣೆ ತುಂಬಿಸಿದೆನೆಂದು ಗಾಡಿ ಹೊರಡಿಸಬೇಡಿ.

ಮಾಡಬೇಕಾದದ್ದು ಇಷ್ಟು. ಹೊಸ ಹಬ್, ಹೊಸ ಬೇರಿಂಗ್, ಹೊಸ ಸರ್ಕ್ಲಿಪ್ (ಬೇರಿಂಗ್ ಹೊರಗೆ ಜಾರದಂತೆ ತಡೆಯುವ ಬಳೆ), ಹೊಸ ನಟ್ ತನ್ನಿ. ಹಳೆಯ ಹಬ್ಬನ್ನು ಲೇತಿನಲ್ಲಿ ವೆಲ್ಡ್ ತುಂಬಿಸಿ ತಿರುಗಿಸಿ ಕೊಡುತ್ತೇವೆಂದು ಯಾರು ಹೇಳಿದರೂ ಒಪ್ಪಬೇಡಿ. ನಟ್ಟನ್ನು ಚಕ್ರ ನೆಲದಲ್ಲಿರುವಾಗ, ಒಬ್ಬರು ಬ್ರೇಕ್ ತುಳಿದಿರುವಾಗ ಸಡಿಲಿಸಿ. ಸಡಿಲಿಸಿದ ಮೇಲೆ ಕಾರನ್ನು ಒಂದು ಅಡಿಯೂ ಉರುಳಿಸಬೇಡಿ. ಸ್ಟ್ರಟ್ಟಿನ (ಸ್ಪ್ರಿಂಗ್ ಇರುವ ಸಸ್ಪೆನ್ಶನ್ ಕಂಬದ) ಬೋಲ್ಟುಗಳ ಜಾಗವನ್ನು ಬಿಚ್ಚುವ ಮೊದಲು ಗುರುತು ಮಾಡಿಕೊಳ್ಳಿ. ನಕಲ್ಲಿನ ಒಳಮೈಯಲ್ಲಿಯೂ ಕಂದು ಹೊಳಪು ಇದೆಯೇ ನೋಡಿ. ಇದ್ದರೆ ನಕಲೂ ಹೋದಂತೆ. ಕೊನೆಯ ಬಿಗಿಯನ್ನು, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಿಂದಲೇ ಮಾಡಬೇಕು. ರೆಂಚ್ ಇಲ್ಲದಿದ್ದರೆ ನನ್ನಲ್ಲಿಂದ ಒಂದು ದಿನಕ್ಕೆ ಒಯ್ಯಿರಿ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಕುಂಬಳೆಯ ಅಧ್ಯಾಪಕರು: ನನ್ನ ಕಾರಿಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಲುಕದಂತೆ ತಡೆಯುವ ವ್ಯವಸ್ಥೆ) ಇದೆ. ಬೇರಿಂಗಿಗೆ ಎಡ ಬಲ ಎಂಬ ಬದಿಗಳಿವೆಯೇ?

ಮೆಕ್ಯಾನಿಕ್: ಕೆಲವು ಮಾದರಿಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಬದಿ ಸೆನ್ಸರಿನ ಕಡೆಗೆ ಇರಬೇಕು. ತಿರುಗಿಸಿ ಒತ್ತಿದರೆ ಎಬಿಎಸ್ ದೀಪ ಉರಿಯುತ್ತದೆ, ಮತ್ತೆ ತೆಗೆದರೆ ಬೇರಿಂಗ್ ಹಾಳು. ಕಬ್ಬಿಣದ ಚೂರು ಬೀಳುವ ಮೇಜಿನ ಮೇಲೆ ಅದನ್ನು ಇಡಬೇಡಿ.

ಪೈವಳಿಕೆಯ ಸದಸ್ಯರು: ಬೇರಿಂಗಿಗೆ ಗ್ರೀಸ್ ತುಂಬಿಸಿದರೆ ಶಬ್ದ ಹೋಗುವುದೇ?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ.

ಬಂದ್ಯೋಡಿನ ಸದಸ್ಯರು: ಹಳೆಯ ಜೀಪಿಗೆ ನಾವು ಪ್ರತಿ ವರ್ಷ ಗ್ರೀಸ್ ತುಂಬಿಸುತ್ತೇವಲ್ಲ? ಅದು ಸರಿ, ಇದು ತಪ್ಪು ಹೇಗೆ?

ಮೆಕ್ಯಾನಿಕ್: ಅದು ಬಿಚ್ಚಿ ತೊಳೆಯುವ ಟೇಪರ್ ರೋಲರ್ ಬೇರಿಂಗ್. ಇದು ಮುಚ್ಚಿದ್ದು. ಎರಡೂ ಬೇರೆ.

ಬದಿಯಡ್ಕದ ನಿವೃತ್ತ ಸದಸ್ಯರು: ಇನ್ನೊಂದು ಬಂದಿದೆ: "ನಕಲನ್ನು ಸೌದೆ ಒಲೆಯಲ್ಲಿ ಕೆಂಪಗೆ ಕಾಯಿಸಿದರೆ ಪ್ರೆಸ್ ಇಲ್ಲದೆಯೇ ಬೇರಿಂಗ್ ಬೀಳುತ್ತದೆ." ಇದಾದರೂ ಸರಿಯೇ?

ಮೆಕ್ಯಾನಿಕ್: ಕೆಂಪಗೆ ಕಾಯಿಸಿದ ನಕಲನ್ನು ಗುಜರಿಗೆ ಹಾಕಿ. ಅದರ ಬಲ ಹೋಗಿರುತ್ತದೆ, ಮತ್ತು ನಿಮ್ಮ ಸ್ಟೇರಿಂಗ್ ನಿಂತಿರುವುದು ಅದರ ಮೇಲೆ. ಇಂತಹವನ್ನು ಇನ್ನು ಇಲ್ಲಿ ಹಾಕಬೇಡಿ, ದಯವಿಟ್ಟು. ಯಾರಾದರೂ ನಂಬಿ ಮಾಡುತ್ತಾರೆ.

ಬದಿಯಡ್ಕದ ನಿವೃತ್ತ ಸದಸ್ಯರು: ಕೇಳುವುದೂ ತಪ್ಪೆಂದಾದರೆ ನಾನು ಸುಮ್ಮನಿರುತ್ತೇನೆ.

ಮುಳ್ಳೇರಿಯದ ಟ್ಯಾಕ್ಸಿ ಚಾಲಕರು: ಅದೇ ಒಳ್ಳೆಯದು.

ಗುಂಪಿನ ನಿರ್ವಾಹಕರು: ಹಿರಿಯರೊಂದಿಗೆ ಹೀಗೆ ಮಾತನಾಡಬೇಡಿ. ಇಬ್ಬರೂ ನಿಲ್ಲಿಸಿ.

ನೀರ್ಚಾಲಿನ ಸದಸ್ಯರು: ಹಿಂದಿನ ಡ್ರಮ್ಮಿನ ಬಗ್ಗೆ ಬೆಳಗ್ಗೆಯೇ ಕೇಳಿದ್ದೆ.

ಅಡೂರಿನ ಸದಸ್ಯರು: ಒಟ್ಟು ಎಷ್ಟು ಖರ್ಚಾಗಬಹುದು?

ಮೆಕ್ಯಾನಿಕ್: ಪೆರ್ಲದವರು ಎಲ್ಲಿ? ಕಾರನ್ನು ಮುರಕಲ್ಲಿನಿಂದ ಇಳಿಸಿದಿರೋ ಇಲ್ಲವೋ ಎಂದು ಮೂರು ಗಂಟೆಯಿಂದ ಕಾಯುತ್ತಿದ್ದೇನೆ.

ಪೆರ್ಲದ ಕೃಷಿಕರು: ಕ್ಷಮಿಸಿ ಅಣ್ಣಾ, ತೋಟದಲ್ಲಿದ್ದೆ. ನೆರೆಮನೆಯವರ ಜ್ಯಾಕ್ ತಂದು ಎತ್ತಿ, ಚಕ್ರ ಹಾಕಿ ಈಗಷ್ಟೇ ಇಳಿಸಿದೆ. ಬಲದ ಕಲ್ಲು ನಡುವಿನಲ್ಲಿ ಮೇಲಿಂದ ಕೆಳಗಿನವರೆಗೆ ಬಿರಿದಿತ್ತು. ಮಗಳು ನಾಳೆ ಬೆಳಗ್ಗಿನ ಬಸ್ಸಿನಲ್ಲಿ ಹೋಗುತ್ತಾಳೆ. ನಕಲನ್ನು ಬಿಚ್ಚಿ ಮಂಗಳವಾರ ತರುತ್ತೇನೆ.

ಮೆಕ್ಯಾನಿಕ್: ತನ್ನಿ. ಬಿಚ್ಚುವಾಗ ಸ್ಟ್ಯಾಂಡ್ ಬೇಕಾಗುತ್ತದೆ. ನಾಳೆ ಸಂಜೆ ಬಂದು ನನ್ನಲ್ಲಿರುವ ಎರಡನ್ನು ಮೊದಲು ಒಯ್ಯಿರಿ, ಅದರ ನಂತರವೇ ಚಕ್ರಕ್ಕೆ ಕೈ ಹಾಕಿ.