ಕಲ್ಲಿದ್ದಲಿನ ರ‍್ಯಾಂಕ್, ಗ್ರೇಡ್ ಎರಡಕ್ಕೂ ‘ದರ್ಜೆ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕಡಿಮೆ ದರ್ಜೆಯ ಕಲ್ಲಿದ್ದಲಿನಲ್ಲಿ ಆರ್ಸೆನಿಕ್, ಪಾದರಸ, ಸೀಸ ಎಲ್ಲಿಂದ ಬಂದು ಸೇರುತ್ತವೆ, ಅದರಲ್ಲಿ ನೆಲದ ಪಾತ್ರ ಏನು ಅನ್ನೋದು ವಿಷಯ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ‘ಕಡಿಮೆ ದರ್ಜೆ’ ಅಂದರೆ ಯಾವುದರಲ್ಲಿ ಕಡಿಮೆ?

ಕಲ್ಲಿದ್ದಲಿನವರ ಹತ್ತಿರ ಎರಡು ಬೇರೆ ಅಳತೆಗಳಿವೆ. ಒಂದು ರ‍್ಯಾಂಕ್. ಜವುಗಿನಲ್ಲಿ ಬಿದ್ದ ಗಿಡಮರ ನೆಲದಡಿಯ ಕಾವಿಗೆ, ಒತ್ತಡಕ್ಕೆ ಸಿಕ್ಕಿ ಎಷ್ಟು ಮಾಗಿದೆ ಅನ್ನೋದನ್ನು ಅದು ಹೇಳುತ್ತದೆ. ಕಡಿಮೆ ಮಾಗಿದ್ದರಿಂದ ಹೆಚ್ಚು ಮಾಗಿದ್ದರ ಕಡೆಗೆ ಪೀಟ್, ಲಿಗ್ನೈಟ್, ಬಿಟುಮಿನಸ್, ಆಂಥ್ರಸೈಟ್ ಅನ್ನುವ ಮೆಟ್ಟಿಲುಗಳು ಇದರವು. ಇನ್ನೊಂದು ಗ್ರೇಡ್. ನಮ್ಮಲ್ಲಿ ಸುಟ್ಟರೆ ಬರುವ ಶಾಖ ನೋಡಿ ಜಿ1ರಿಂದ ಜಿ17ರವರೆಗೆ ಕೊಡುತ್ತಾರಲ್ಲ, ಅದು. ಜಿ1 ಎಲ್ಲಕ್ಕಿಂತ ಮೇಲಿನದು. ಮಣ್ಣು ಜಾಸ್ತಿ ಇದ್ದಷ್ಟೂ ಬೂದಿ ಜಾಸ್ತಿ, ಶಾಖ ಕಡಿಮೆ, ಗ್ರೇಡ್ ಇಳಿಯುತ್ತದೆ. ಕನ್ನಡದಲ್ಲಿ ನಾವು ಎರಡನ್ನೂ ‘ದರ್ಜೆ’ ಅಂದು ಮುಗಿಸಿಬಿಡುತ್ತೇವೆ.

ಇದರಿಂದ ಏನು ತೊಂದರೆ ಅಂದರೆ, ತಮಿಳುನಾಡಿನ ನೈವೇಲಿಯ ಲಿಗ್ನೈಟ್ ನೋಡಿ. ಅದು ಸರಿಯಾಗಿ ಮಾಗಿಲ್ಲ, ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಆದರೆ ಬೂದಿ ಕಡಿಮೆ. ನಮ್ಮ ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಬರುವುದು ಗೊಂಡ್ವಾನಾ ಕಲ್ಲಿದ್ದಲು, ಅಂದರೆ ಗೊಂಡ್ವಾನಾ ಅನ್ನುವ ಹಳೆಯ ಭೂಖಂಡದ ಕಾಲದ್ದು, 25 ಕೋಟಿ ವರ್ಷಕ್ಕೂ ಹಳೆಯದು. ಲಿಗ್ನೈಟಿಗಿಂತ ಚೆನ್ನಾಗಿ ಮಾಗಿದೆ. ಆದರೆ ಆ ಕಾಲದ ನದಿಗಳು ತಂದು ಸುರಿದ ಮಣ್ಣು, ಮರಳು ಅದರೊಳಗೆ ಎಷ್ಟು ಸಣ್ಣಗೆ ಬೆರೆತಿದೆ ಅಂದರೆ ತೊಳೆದರೂ ಸುಲಭಕ್ಕೆ ಬಿಡುವುದಿಲ್ಲ. ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ನೂರಕ್ಕೆ 35–40 ಪಾಲು ಬೂದಿ ಸಾಮಾನ್ಯ. ಇವೆರಡನ್ನೂ ‘ಕಡಿಮೆ ದರ್ಜೆ’ ಅಂದರೆ ಓದುವ ಮಗು ಏನು ತಿಳಿದುಕೊಳ್ಳಬೇಕು?

ವಿಷದ ಲೆಕ್ಕಕ್ಕೆ ಬಂದರಂತೂ ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಮಾಗದ ಲಿಗ್ನೈಟಿನಲ್ಲಿ ಕೊಳೆತ ಸಸ್ಯದ ಅಂಶ ಇನ್ನೂ ಲೋಹಗಳನ್ನು ಹಿಡಿದುಕೊಳ್ಳುವ ಸ್ಥಿತಿಯಲ್ಲಿ ಇರುತ್ತದೆ. ಅಂತರ್ಜಲ ಅದರ ಮೂಲಕ ಹರಿದರೆ ಯುರೇನಿಯಂನಂಥದ್ದು ಅಲ್ಲೇ ಅಂಟಿಕೊಳ್ಳುತ್ತದೆ. ಅಮೆರಿಕದ ಡಕೋಟಾ ಕಡೆ 1960ರ ದಶಕದಲ್ಲಿ ಲಿಗ್ನೈಟನ್ನು ಯುರೇನಿಯಂಗಾಗಿಯೇ ಅಗೆದಿದ್ದರು. ಮಣ್ಣು ಜಾಸ್ತಿ ಇರುವ ಕಲ್ಲಿದ್ದಲಿನಲ್ಲಿ ಹೆಚ್ಚಿನ ಲೋಹಗಳು ಆ ಮಣ್ಣಿನ ಜೊತೆಗೇ ಬಂದಿರುತ್ತವೆ. ಜವುಗಿಗೆ ಸಮುದ್ರದ ನೀರು ನುಗ್ಗಿದ್ದರೆ ಅದು ಬೇರೆಯೇ ಕತೆ. ಉಪ್ಪುನೀರಿನ ಸಲ್ಫೇಟು ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಕೊನೆಗೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಆಗುತ್ತದೆ, ಆರ್ಸೆನಿಕ್ಕೂ ಪಾದರಸವೂ ಹೋಗಿ ಅದರೊಳಗೆ ಕೂರುತ್ತವೆ. ಅಸ್ಸಾಮಿನ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ ಇರುವುದಕ್ಕೂ ಸಮುದ್ರವೇ ಕಾರಣ.

ಚೀನಾದ ಗುಯಿಝೌ ಪ್ರಾಂತ್ಯದ ಉದಾಹರಣೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅಲ್ಲಿನ ಕೆಲವು ಕಲ್ಲಿದ್ದಲಿನಲ್ಲಿ 100 ಕೆಜಿಗೆ 3.5 ಕೆಜಿವರೆಗೂ ಆರ್ಸೆನಿಕ್ ಸಿಕ್ಕಿದೆ. ಸಾಮಾನ್ಯ ಕಲ್ಲಿದ್ದಲಿನಲ್ಲಿ ಸರಾಸರಿ ಒಂದು ಟನ್ನಿಗೆ ಸುಮಾರು 10 ಗ್ರಾಂ ಅಷ್ಟೇ! ಗುಯಿಝೌನಲ್ಲಿ ಬಂಡೆಯ ಬಿರುಕುಗಳಲ್ಲಿ ಮೇಲೆ ಬಂದ ಬಿಸಿನೀರು ಆರ್ಸೆನಿಕ್ಕನ್ನು ಅಲ್ಲಿ ಬಿಟ್ಟುಹೋಗಿತ್ತು. ಜನ ಆ ಕಲ್ಲಿದ್ದಲನ್ನೇ ಹೊಗೆಗೂಡಿಲ್ಲದ ಒಲೆಯಲ್ಲಿ ಉರಿಸಿ, ಮೇಲೆ ಮೆಣಸಿನಕಾಯಿ ಒಣಗಿಸಿ ತಿಂದರು. ಸಾವಿರಾರು ಮಂದಿಗೆ ಆರ್ಸೆನಿಕ್ ವಿಷ ಏರಿತು. ಅದು ಮಾಗದ ಕಲ್ಲಿದ್ದಲೇನೂ ಅಲ್ಲ. ಹಾಗಾಗಿ ‘ದರ್ಜೆ ಕಡಿಮೆ, ಅದಕ್ಕೇ ವಿಷ’ ಅಂತ ಮಕ್ಕಳು ಓದಿಕೊಂಡರೆ ನಾನು ಬರೆದದ್ದೇ ತಪ್ಪಾಗುತ್ತದೆ.

ರ‍್ಯಾಂಕ್ ಅಂತಲೇ ಇಡೋಣ ಅಂದರೆ, ಪಿಯುಸಿ ಮಕ್ಕಳಿಗೆ ರ‍್ಯಾಂಕ್ ಅಂದರೆ ಪರೀಕ್ಷೆಯದೇ ನೆನಪಿಗೆ ಬರುವುದು. ಮೊನ್ನೆ ಜಯನಗರದಲ್ಲಿ ಎಳನೀರು ಕುಡಿಯುವಾಗ ಗಾಡಿಯವರು ಒಂದು ಕಾಯನ್ನು ತಟ್ಟಿ ನೋಡಿ ‘ಇದು ಬಲಿತುಬಿಟ್ಟಿದೆ ಸಾರ್’ ಅಂತ ಪಕ್ಕಕ್ಕಿಟ್ಟರು. ಅಲ್ಲೇ ಹೊಳೆಯಿತು. ಎಳೆ ಕಲ್ಲಿದ್ದಲು, ಬಲಿತ ಕಲ್ಲಿದ್ದಲು. ಕಾಯಿ ಎಳೆಯದೋ ಬಲಿತದ್ದೋ ಅನ್ನೋದು ಒಂದು, ಒಳಗೆ ಹುಳುಕಿದೆಯಾ ಅನ್ನೋದು ಇನ್ನೊಂದು ಅಲ್ವಾ? ಗ್ರೇಡಿಗೆ ‘ದರ್ಜೆ’ಯನ್ನೇ ಬಿಡಬಹುದು. ‘ಎಳೆ’ ಅಂದರೆ ದಾರದ ಎಳೆಯೂ ಆಗುತ್ತದೆ ಅನ್ನೋದೊಂದೇ ನನ್ನ ಅನುಮಾನ.

ಇನ್ನೊಂದು ಪದ ಟ್ರೇಸ್ ಎಲಿಮೆಂಟ್, ಅಂದರೆ ತೀರಾ ಸ್ವಲ್ಪ ಪ್ರಮಾಣದಲ್ಲಿ ಇರುವ ಧಾತು. ‘ಜಾಡು ಧಾತು’ ಅನ್ನೋದು ಬೇಡವೇ ಬೇಡ, ಇಲ್ಲಿ ಯಾರೂ ಜಾಡು ಹಿಡಿದು ಹೊರಟಿಲ್ಲ. ರೈತರು ಸತು, ಬೋರಾನ್‌ಗೆ ‘ಲಘು ಪೋಷಕಾಂಶ’ ಅನ್ನುತ್ತಾರೆ, ಚೆನ್ನಾಗಿದೆ. ಆದರೆ ಸೀಸ, ಪಾದರಸ ಭಾರಲೋಹಗಳು, ಅವನ್ನು ‘ಲಘು ಧಾತು’ ಅಂದರೆ ಎಡವಟ್ಟು. ‘ಲೇಶಧಾತು’ ಸರಿ, ಮಕ್ಕಳಿಗೆ ಸ್ವಲ್ಪ ದೂರ. ‘ಚಿಟಿಕೆ ಧಾತು’ ನನಗೆ ಇಷ್ಟ. ಅಡುಗೆಮನೆಯವರಿಗೆಲ್ಲ ಗೊತ್ತಿರುವ ಅಳತೆ.

ಸದ್ಯಕ್ಕೆ ಮೊದಲ ಸಾಲನ್ನು ಹೀಗೆ ಇಟ್ಟಿದ್ದೇನೆ: ‘ಕಲ್ಲಿದ್ದಲು ಎಳೆಯದಿರಲಿ, ಬಲಿತಿರಲಿ, ಅದರೊಳಗಿನ ಚಿಟಿಕೆ ಧಾತುಗಳು ಅದು ಹುಟ್ಟಿದ ನೆಲದಿಂದಲೂ ಅಲ್ಲಿ ಹರಿದ ನೀರಿನಿಂದಲೂ ಬಂದವು.’ ಎಲ್ಲಿ ಎಡವುತ್ತದೆ ಅಂತ ನೋಡಿ ಹೇಳ್ತೀರಾ? ಕೋಲಾರದ ಗಣಿ ಕಡೆಯವರು, ರಾಯಚೂರಿನವರು ಇದ್ದರೆ ಅಲ್ಲಿ ಆಡುವ ಪದಗಳನ್ನೂ ದಯವಿಟ್ಟು ಬರೆಯಿರಿ.