ಕೋಟು ಯಾರದು, ಕೆಲಸ ಯಾರದು?

ಗುಂಪು: ಅಜ್ಜನ ಮನೆ ಬಳಗ

ದೊಡ್ಡ ಮಾವ (ಫಾರ್ವರ್ಡ್): ಜೇಮ್ಸ್ ಬಾಂಡ್ ಆಗುವ ಮೊದಲೇ ಪಿಯರ್ಸ್ ಬ್ರಾಸ್ನನ್ ಟಿವಿಯ ಮಹಾನ್ ಪತ್ತೇದಾರ! ‘ರೆಮಿಂಗ್ಟನ್ ಸ್ಟೀಲ್’ ಧಾರಾವಾಹಿಯ ಮೇಲಿನ ಪ್ರೀತಿಗಾಗಿ ಬಾಂಡ್ ಪಾತ್ರವನ್ನೇ ಬಿಟ್ಟುಕೊಟ್ಟ ತ್ಯಾಗಜೀವಿ!! ಹತ್ತು ಜನಕ್ಕೆ ಕಳಿಸಿ 🙏🙏

ದೊಡ್ಡ ಮಾವ: ಎಂಥ ಕೋಟು, ಎಂಥ ನಡಿಗೆ! ಈಗಿನ ಹುಡುಗರು ಮದುವೆಗೂ ಇಸ್ತ್ರಿ ಇಲ್ಲದ ಅಂಗಿ ಹಾಕಿಕೊಂಡು ಬರುತ್ತಾರೆ.

ಚಿಕ್ಕಮ್ಮ: ಅಣ್ಣಾ, ಎರಡು ಸಾಲಿನಲ್ಲಿ ಎರಡು ಸುಳ್ಳು ಇದೆ. ಬ್ರಾಸ್ನನ್ ಮಾಡಿದ ಸ್ಟೀಲ್ ಪತ್ತೇದಾರನೇ ಅಲ್ಲ. ಬ್ರಾಸ್ನನ್ ಬಾಂಡ್ ಪಾತ್ರ ಬಿಟ್ಟುಕೊಟ್ಟಿದ್ದೂ ಅಲ್ಲ.

ದೊಡ್ಡ ಮಾವ: ಕಚೇರಿ ಬಾಗಿಲ ಮೇಲೆ ಅವನ ಹೆಸರೇ ಇತ್ತಲ್ಲ ತಾಯಿ?

ಚಿಕ್ಕಮ್ಮ: ಯಾಕೆ ಇತ್ತು ಅಂತ ನೆನಪಿದೆಯಾ? ಕಥೆಯ ನಾಯಕಿ ಲಾರಾ ಹೋಲ್ಟ್ ಕೆಲಸ ಕಲಿತು ಲಾಸ್ ಏಂಜಲೀಸ್‌ನಲ್ಲಿ ಪತ್ತೇದಾರಿ ಕಚೇರಿ ತೆರೆಯುತ್ತಾಳೆ. ಮೊದಲು ತನ್ನ ಹೆಸರಿನ ಬೋರ್ಡೇ ಹಾಕುತ್ತಾಳೆ. ಹೆಂಗಸು ಎಂಥ ಪತ್ತೇದಾರಿ ಮಾಡುತ್ತಾಳೆ ಅಂತ ಒಂದು ನರಪಿಳ್ಳೆಯೂ ಬರುವುದಿಲ್ಲ. ಆಮೇಲೆ ಇಲ್ಲದ ಒಬ್ಬ ಗಂಡಸು ಬಾಸ್‌ನನ್ನು ಸೃಷ್ಟಿಸಿ, ಬೋರ್ಡಿನ ಮೇಲೆ ‘ರೆಮಿಂಗ್ಟನ್ ಸ್ಟೀಲ್’ ಅಂತ ಅವನ ಹೆಸರು ಬರೆಸುತ್ತಾಳೆ. ಗಿರಾಕಿಗಳು ಬಂದರು ನೋಡು! ನಿನ್ನ ಹೀರೊ ಮೊದಲ ಕಂತಿನಲ್ಲಿ ಬರುವುದೇ ರತ್ನ ಕದಿಯುವುದಕ್ಕೆ. ಹೆಸರು ಖಾಲಿ ಇತ್ತು, ಬಂದು ಸೇರಿಕೊಂಡ.

ಪುಟ್ಟಿ: ಅಪ್ಪಾ, ನೀನು ಕಳ್ಳನ ಫ್ಯಾನಾ? 😂

ದೊಡ್ಡ ಮಾವ: ಕಳ್ಳನಾದರೂ ರಸಿಕ! ಅವನ ಹತ್ತಿರ ಐದು ಪಾಸ್‌ಪೋರ್ಟ್ ಇತ್ತು. ಐದರಲ್ಲೂ ಹಳೇ ಹಾಲಿವುಡ್ ನಟ ಹಂಫ್ರಿ ಬೋಗಾರ್ಟ್ ಮಾಡಿದ ಪಾತ್ರಗಳ ಹೆಸರು. ಕೊಲೆಯಾದ ಜಾಗದಲ್ಲಿ ನಿಂತು ಹಳೇ ಸಿನಿಮಾ ಒಂದನ್ನು ನೆನಪಿಸಿಕೊಳ್ಳುತ್ತಿದ್ದ. ನಟರು, ಸ್ಟುಡಿಯೋ, ಇಸವಿ ಎಲ್ಲ ಬಾಯಿಪಾಠ. ಅದರಲ್ಲೇ ಸುಳಿವು ಸಿಗುತ್ತಿತ್ತು.

ಚಿಕ್ಕಮ್ಮ: ಸಿಗುತ್ತಿತ್ತು, ಇಲ್ಲ ಅನ್ನಲ್ಲ. ಬೆನ್ನು ಹತ್ತಿ ಕೇಸು ಮುಗಿಸುವವಳು ಲಾರಾ. ಪೇಪರಿನವರ ಮುಂದೆ ನಗುವವನು ಅವನು.

ದೊಡ್ಡ ಮಾವ: ಸರಿ, ಬಾಂಡ್ ವಿಷಯ ಹೇಳು.

ನಾನು: ನಾನು ಹೇಳುತ್ತೇನೆ ಮಾವ. 1986ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ ಧಾರಾವಾಹಿ ನಿಲ್ಲಿಸಿತು. ಬಾಂಡ್ ಪಾತ್ರ ಬ್ರಾಸ್ನನ್‌ಗೆ ಅಂತ ಸುದ್ದಿಯಾಯಿತು. ಸುದ್ದಿ ಕೇಳಿ ಹಳೇ ಕಂತುಗಳನ್ನು ನೋಡುವವರು ಜಾಸ್ತಿಯಾದರು. ಕಾಂಟ್ರಾಕ್ಟ್ ಪ್ರಕಾರ ಮನಸ್ಸು ಬದಲಾಯಿಸಲು ಚಾನೆಲ್‌ಗೆ 60 ದಿನ ಇತ್ತು. ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ, ಮತ್ತೆ ಶುರು ಮಾಡುತ್ತೇವೆ ಅಂದರು. ಟಿವಿಯಲ್ಲಿ ಪತ್ತೇದಾರನಾಗಿ ಓಡಾಡುತ್ತಿರುವವನು ಬಾಂಡ್ ನಿರ್ಮಾಪಕರಿಗೆ ಬೇಡವಾಯಿತು. ಪಾತ್ರ ಟಿಮೊಥಿ ಡಾಲ್ಟನ್ ಪಾಲಾಯಿತು. ಇಷ್ಟೆಲ್ಲ ಮಾಡಿ ಚಾನೆಲ್‌ನವರು ತೆಗೆದಿದ್ದು ಬೆರಳೆಣಿಕೆಯ ಟಿವಿ ಸಿನಿಮಾ. 1987ಕ್ಕೆ ಎಲ್ಲ ಮುಗಿಯಿತು. ಬ್ರಾಸ್ನನ್ ಬಾಂಡ್ ಆಗಿ ತೆರೆಗೆ ಬಂದಿದ್ದು 1995ರಲ್ಲಿ.

ದೊಡ್ಡ ಮಾವ: ಅಯ್ಯೋ ಪಾಪ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚಿಕ್ಕಮ್ಮ: ಲಾರಾ ಪಾತ್ರ ಮಾಡಿದ ಸ್ಟೆಫನಿ ಜಿಂಬಲಿಸ್ಟ್ ‘ರೋಬೊಕಾಪ್’ ಸಿನಿಮಾಗೆ ಆಯ್ಕೆಯಾಗಿದ್ದರು. ಅದೂ ಇದೇ ಕಾರಣಕ್ಕೆ ತಪ್ಪಿಹೋಯಿತು. ಆ ಪಾತ್ರ ನ್ಯಾನ್ಸಿ ಅಲೆನ್ ಮಾಡಿದರು. ಆಕೆಗೊಂದು ‘ಅಯ್ಯೋ ಪಾಪ’ ಫಾರ್ವರ್ಡ್ ಬಂದಿದೆಯಾ ನಿನಗೆ?

ದೊಡ್ಡ ಮಾವ: ಇಲ್ಲ.

ಪುಟ್ಟಿ: ಅತ್ತೆ 🔥🔥

ದಾವಣಗೆರೆ ದೊಡ್ಡಪ್ಪ: ಊಟದ ಹೊತ್ತಾಯಿತು. ಇಬ್ಬರೂ ಸಮ ಅಂದುಬಿಡಿ, ಮುಗಿಯಲಿ.

ಚಿಕ್ಕಮ್ಮ: ಸಮ ಹೇಗಾಗುತ್ತೆ ಭಾವ? ಈ ಕಥೆ ರಾಬರ್ಟ್ ಬಟ್ಲರ್ ಅನ್ನುವ ನಿರ್ದೇಶಕರಿಗೆ ಹೊಳೆದಿದ್ದು 1969ರಲ್ಲಿ. ಆಗ ಅದರಲ್ಲಿ ಬಾಸ್ ಕಾಣಿಸಿಕೊಳ್ಳುವುದೇ ಇರಲಿಲ್ಲ. ಇದಕ್ಕೆ ಇನ್ನೂ ಕಾಲ ಬಂದಿಲ್ಲ ಅಂತ ಅದನ್ನು ಪಕ್ಕಕ್ಕಿಟ್ಟರು. ಎಷ್ಟೋ ವರ್ಷದ ಮೇಲೆ ಮೈಕೆಲ್ ಗ್ಲೀಸನ್ ಜೊತೆ ಸೇರಿ, ಆ ಬಾಸ್ ಎದುರಿಗೇ ಬಂದು ನಿಂತರೆ ಹೇಗೆ ಅಂತ ಯೋಚಿಸಿದರು. 1982ರಲ್ಲಿ ಟಿವಿಗೆ ಬಂತು.

ದೊಡ್ಡ ಮಾವ: ಹಾಂ! ಸಿಕ್ಕಿಬಿದ್ದೆ! ಅವನು ಕಥೆಯೊಳಗೆ ಬಂದ ಮೇಲೆ ತಾನೇ ಧಾರಾವಾಹಿ ಆಗಿದ್ದು? ಲಾರಾ ಒಬ್ಬಳೇ ಇದ್ದಾಗ ಹತ್ತು ವರ್ಷ ಮೂಲೆಯಲ್ಲಿ ಕೂತಿತ್ತು.

ಚಿಕ್ಕಮ್ಮ: ಅವಳ ಬೋರ್ಡಿಗೂ ಅದೇ ಆಗಿದ್ದು ಅಲ್ವಾ ಅಣ್ಣಾ? ಸುಮ್ನೆ ಜಗಳ ಆಡ್ತಾ ನೀನೇ ನನ್ನ ಪರ ವಾದ ಮಾಡಿದೆ.

ಪುಟ್ಟಿ: ಅಪ್ಪ ಐದು ನಿಮಿಷದಿಂದ ಟೈಪ್ ಮಾಡ್ತಾನೇ ಇದ್ದಾರೆ 😂

ದೊಡ್ಡ ಮಾವ: ಕೋಟು ಮಾತ್ರ ಚೆನ್ನಾಗಿತ್ತು.

ಚಿಕ್ಕಮ್ಮ: ಕೋಟಿಗೆ ನನ್ನ ತಕರಾರಿಲ್ಲ.

ಪುಟ್ಟಿ: ನಾನು ಎಲ್ಲಿಂದ ನೋಡಲಿ?

ನಾನು: ಎರಡನೇ ಸೀಸನ್‌ನಿಂದ. ತೆರಿಗೆ ಇಲಾಖೆ ಬಿಟ್ಟು ಮಿಲ್ಡ್ರೆಡ್ ಬಂದು ಸೇರುತ್ತಾಳೆ. ಸ್ಟೀಲ್ ನಿಜವಾಗಿಯೂ ಮಹಾ ಪತ್ತೇದಾರ ಅಂತಲೇ ನಂಬಿರುತ್ತಾಳೆ, ನಮ್ಮ ಮಾವನ ಹಾಗೆ.

ಚಿಕ್ಕಮ್ಮ: ಬೇಡ ಪುಟ್ಟಿ, ಮೊದಲಿನಿಂದಲೇ ನೋಡು. ಮರ್ಫಿ ಇರುವುದು ಮೊದಲ ಸೀಸನ್‌ನಲ್ಲಿ ಮಾತ್ರ.

ದೊಡ್ಡ ಮಾವ: ಮರ್ಫಿಯಾ? ಅವನು ಬರೀ ಹೊಟ್ಟೆಕಿಚ್ಚಿನ ಮನುಷ್ಯ.

ಚಿಕ್ಕಮ್ಮ: ಅಣ್ಣಾ, ಆ ಕಚೇರಿಯಲ್ಲಿ ಲಾರಾ ಬಿಟ್ಟರೆ ಕೆಲಸ ಗೊತ್ತಿದ್ದ ಪತ್ತೇದಾರ ಅವನೊಬ್ಬನೇ.

ದಾವಣಗೆರೆ ದೊಡ್ಡಪ್ಪ: ನಾನು ಊಟ ಮಾಡಿ ಬರುತ್ತೇನೆ.